ಎರಡನೇ ಕ್ಲಾಸಿನ ಮಗು ಇನ್ನೂ ಹಾಸಿಗೇಲಿ ಉಚ್ಚೆ ಮಾಡ್ಕೊಳ್ಳೋದು ಮಾಮೂಲಾ?

ಹೌದು, ಮಾಮೂಲೇ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15, ಏಳು ವರ್ಷಕ್ಕೆ 10ರ ಹತ್ರ, ಹತ್ತು ವರ್ಷಕ್ಕೂ 5 ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡ್ಕೋತಾರೆ, ಅಂದ್ರೆ 40 ಮಕ್ಕಳಿರೋ ಎರಡನೇ ಕ್ಲಾಸಲ್ಲಿ ಮೂರ್ನಾಲ್ಕು ಜನ ಇದ್ದೇ ಇರ್ತಾರೆ, ಯಾರೂ ಬಾಯಿ ಬಿಡಲ್ಲ ಅಷ್ಟೇ. ಹುಡುಗರಲ್ಲಿ ಜಾಸ್ತಿ. ಸೋಮಾರಿತನ ಅಲ್ವೇ ಅಲ್ಲ, ರಾತ್ರಿ ಹೊತ್ತು ಮೂತ್ರ ಕಮ್ಮಿ ಮಾಡೋ ಹಾರ್ಮೋನು ಕೆಲವು ಮಕ್ಕಳಲ್ಲಿ ಇನ್ನೂ ಸಾಕಷ್ಟು ಬರ್ತಿರಲ್ಲ, ಮೇಲಿಂದ ಮೂತ್ರಕೋಶ ತುಂಬಿದ್ರೂ ನಿದ್ದೇಲಿ ಎಚ್ಚರ ಆಗಲ್ಲ. ಅಪ್ಪನೋ ಅಮ್ಮನೋ ಚಿಕ್ಕವರಿದ್ದಾಗ ಹೀಗೇ ಇದ್ರೆ ಮಗೂಗೂ ಬರೋ ಚಾನ್ಸ್ ಜಾಸ್ತಿ (ಅಜ್ಜೀನ ಕೇಳಿ, ಹೇಳ್ತಾರೆ). ಬೈಬೇಡಿ, ಬರೆ ಅಂತೂ ಹಾಕ್ಲೇಬೇಡಿ. ಆರು ತಿಂಗಳು ಸರಿಯಿದ್ದು ಮತ್ತೆ ಶುರುವಾದ್ರೆ, ಇಲ್ಲಾ ಉರಿ, ವಿಪರೀತ ಬಾಯಾರಿಕೆ ಇದ್ರೆ ಡಾಕ್ಟರಿಗೆ ತೋರಿಸಿ.