24 ಗೌಜಲಕ್ಕಿ ಮೊಟ್ಟೆಗೆ ಆರೇ ಮರಿ: ತಪ್ಪಿದ್ದೆಲ್ಲಿ?

ಪ್ರಶ್ನೆ: ಮನೆಬಳಕೆಯ ಸಣ್ಣ ಇನ್‌ಕ್ಯುಬೇಟರಿನಲ್ಲಿ ಮೊದಲ ಬಾರಿಗೆ ಜಪಾನಿ ಗೌಜಲಕ್ಕಿಯ 24 ಮೊಟ್ಟೆಗಳನ್ನು ಕಾವಿಗೆ ಇಟ್ಟಿದ್ದೆ. ಅದರಲ್ಲಿ ಫ್ಯಾನ್ ಇದೆ, ಮೊಟ್ಟೆಗಳನ್ನು ತಾನೇ ಹೊರಳಿಸುವ ಟ್ರೇ ಕೂಡ ಇದೆ. ಪರದೆಯ ಮೇಲೆ ಉಷ್ಣಾಂಶ ಸದಾ 37.5 ಡಿಗ್ರಿ ಸೆಲ್ಸಿಯಸ್ ಇತ್ತು. ಹತ್ತನೆಯ ದಿನ ಮೂರು ಗಂಟೆ ಕರೆಂಟ್ ಹೋಗಿತ್ತು. ಮೊದಲ ಮರಿ ಬಂದದ್ದು 19ನೆಯ ದಿನ ರಾತ್ರಿ. ಬಂದ ಮರಿಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಬಿಟ್ಟೆ. ಬದುಕಿದ್ದು ಆರು. ಉಳಿದ ಮೊಟ್ಟೆಗಳನ್ನು ಒಡೆದು ನೋಡಿದಾಗ ಏಳರಲ್ಲಿ ಬರೀ ಲೋಳೆ, ಎರಡರಲ್ಲಿ ರಕ್ತದ ಉಂಗುರ, ಒಂಬತ್ತರಲ್ಲಿ ಪೂರ್ತಿ ಬೆಳೆದು ಸತ್ತ ಮರಿಗಳಿದ್ದವು. ಆ ಒಂಬತ್ತರಲ್ಲಿ ಮೂರು ಚಿಪ್ಪನ್ನು ತೂತು ಮಾಡಿದ್ದವು. ಕರೆಂಟ್ ಹೋದದ್ದೇ ಕಾರಣವೇ?
— ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಮರಿಯಾಗದ ಮೊಟ್ಟೆಗಳನ್ನು ಎಸೆಯದೆ ಒಡೆದು, ಎಣಿಸಿ ಬರೆದಿದ್ದೀರಿ. ಹೆಚ್ಚಿನವರಿಗೆ ಅದಕ್ಕೆ ಮನಸ್ಸು ಬರುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಆ ಎಣಿಕೆಯಲ್ಲೇ ಇದೆ.

ಮೊದಲು ಕರೆಂಟಿನ ಮೇಲಿನ ಅನುಮಾನವನ್ನು ಬಿಡಿ. ಮುಚ್ಚಳ ತೆರೆಯದೆ ಇದ್ದರೆ ಮೂರು ಗಂಟೆಯ ತಂಪನ್ನು ಹತ್ತು ದಿನದ ಭ್ರೂಣ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಗಾಳಿಯ ತೂತುಗಳನ್ನು ಬಿಟ್ಟು ಪೆಟ್ಟಿಗೆಗೆ ಕಂಬಳಿ ಹೊದಿಸಿದರೆ ಸಾಕು.

ನನಗೆ ಮುಖ್ಯವಾಗಿ ಕಂಡದ್ದು 19ನೆಯ ದಿನ. ಮೊಟ್ಟೆ ಇಟ್ಟ ದಿನವನ್ನು ಸೊನ್ನೆ ಎಂದು ಹಿಡಿದು, 24 ಗಂಟೆ ತುಂಬಿದ ಮೇಲೆ ಒಂದು ಎಂದು ಎಣಿಸಬೇಕು. ಹಾಗೆ ಎಣಿಸಿದರೆ ಜಪಾನಿ ಗೌಜಲಕ್ಕಿ 17 ಅಥವಾ 18ನೆಯ ದಿನಕ್ಕೆ ಚಿಪ್ಪೊಡೆಯುತ್ತದೆ. ಕಾವು ಹೆಚ್ಚಾದರೆ ಮರಿ ಬೇಗ ಬರುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ನಿಮ್ಮ ಎಣಿಕೆ ಸರಿಯಿದ್ದರೆ ಪರದೆ 37.5 ಎಂದು ತೋರಿಸುತ್ತಿದ್ದಾಗಲೂ ಮೊಟ್ಟೆಗಳಿಗೆ ಸಿಗುತ್ತಿದ್ದ ಕಾವು ಅದಕ್ಕಿಂತ ಕಡಿಮೆ ಇದ್ದಿರಬೇಕು. ಅಗ್ಗದ ಯಂತ್ರಗಳಲ್ಲಿ ಒಂದು ಡಿಗ್ರಿಯ ವ್ಯತ್ಯಾಸ ಅಪರೂಪವೇನಲ್ಲ, ಆದರೆ ಆ ಒಂದು ಡಿಗ್ರಿ ಮರಿಯ ಜೀವಕ್ಕೆ ಸಾಕು. ಇದನ್ನು ಪರೀಕ್ಷಿಸಲು ಚಿಕ್ಕ ಶೀಶೆಯೊಂದರಲ್ಲಿ ನೀರು ತುಂಬಿ, ಬಿಗಿಯಾಗಿ ಮುಚ್ಚಿ, ಯಂತ್ರದೊಳಗೆ ಮೊಟ್ಟೆಗಳ ಮಟ್ಟದಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಮುಚ್ಚಳ ತೆಗೆದ ಕೂಡಲೇ ಜ್ವರ ನೋಡುವ ಥರ್ಮಾಮೀಟರನ್ನು ಆ ನೀರಿಗೆ ಅದ್ದಿ ಅಂಕಿಯನ್ನು ಪರದೆಯೊಂದಿಗೆ ಹೋಲಿಸಿ. ತೇವಾಂಶ ಮಾಪಕಕ್ಕೂ ಇಂಥದೇ ಮನೆಯ ಪರೀಕ್ಷೆಯಿದೆ. ಬಾಟಲಿಯ ಬಿರಡೆಯೊಂದರಲ್ಲಿ ಅಡುಗೆ ಉಪ್ಪನ್ನು ಮುದ್ದೆಯಾಗುವಷ್ಟೇ ನೀರು ಹಾಕಿ ನೆನೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಅರ್ಧ ದಿನ ಮುಚ್ಚಿಟ್ಟರೆ ಅದು ಶೇ. 75ರ ಆಸುಪಾಸು ತೋರಿಸಬೇಕು.

ಇನ್ನು ಚಿಪ್ಪು ತೂತು ಮಾಡಿಯೂ ಹೊರಬರಲಾಗದ ಆ ಮೂರು ಮರಿಗಳ ವಿಷಯ. ನೀವು ಮರಿಗಳನ್ನು ಒಂದೊಂದಾಗಿ ತೆಗೆದಾಗ ಪ್ರತಿ ಸಲವೂ ಒಳಗಿನ ತೇವ ಹೊರಗೆ ಹೋಗಿರುತ್ತದೆ. ನಾನು ಮೊದಲ ಸಲ ಮೊಟ್ಟೆ ಇಟ್ಟಾಗಲೂ ಹೀಗೆಯೇ ಮಾಡಿದ್ದೆ. ಸಾಸಿವೆಯಷ್ಟು ಚಿಕ್ಕ ತೂತಿನಲ್ಲಿ ಕೊಕ್ಕಿನ ತುದಿ ಆಡುವುದನ್ನು ನೋಡುವ ಆಸೆಗೆ ಮೂರು ಬಾರಿ ಮುಚ್ಚಳ ಎತ್ತಿದೆ. ಸಂಜೆಗೆ ಚಿಪ್ಪಿನೊಳಗಿನ ತೆಳು ಪೊರೆ ಒಣಗಿ ಕಾಗದದಂತೆ ಮರಿಯ ಮೈಗೆ ಬಿಗಿದುಕೊಂಡಿತ್ತು, ಕೊಕ್ಕು ಆಡುವುದು ನಿಂತಿತ್ತು. ಅಂದಿನಿಂದ, ಕಾವಿನ 14ನೆಯ ದಿನ ಮುಚ್ಚಿದ ಮುಚ್ಚಳವನ್ನು ಮರಿಗಳೆಲ್ಲ ಬರುವವರೆಗೆ ನಾನು ತೆರೆಯುವುದಿಲ್ಲ. ಮರಿಯ ಹೊಟ್ಟೆಯೊಳಗೆ ಹಳದಿ ಲೋಳೆಯ ಶೇಷ ಇರುವುದರಿಂದ ಒಂದು ದಿನ ಅನ್ನ ನೀರಿಲ್ಲದೆ ಅದು ಅಲ್ಲಿಯೇ ಇರಬಲ್ಲದು.

ಆ 14ನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ, ಮೊಟ್ಟೆಗಳನ್ನು ಟ್ರೇಯಿಂದ ಇಳಿಸಿ, ಜಾರದ ಒರಟು ಬಟ್ಟೆಯ ಮೇಲೆ ಮಲಗಿಸಬೇಕು. ಅಲ್ಲಿಯವರೆಗೆ ಶೇ. 45ರಿಂದ 50ರಷ್ಟಿದ್ದ ತೇವಾಂಶವನ್ನು ಶೇ. 65ರಿಂದ 70ಕ್ಕೆ ಏರಿಸಬೇಕು. ನಿಮ್ಮ ಕಡೆಯ ಮಳೆಗಾಲದಲ್ಲಿ ಮೊದಲ ಎರಡು ವಾರ ನೀರಿನ ತಟ್ಟೆಯೇ ಬೇಕಾಗದಿರಬಹುದು. ಮಾಪಕ ನೋಡಿ ನಿರ್ಧರಿಸಿ. ಮೊದಲಲ್ಲಿ ತೇವ ಹೆಚ್ಚಾದರೆ ಮೊಟ್ಟೆಯ ನೀರು ಸಾಕಷ್ಟು ಆರುವುದಿಲ್ಲ, ದಪ್ಪ ತುದಿಯಲ್ಲಿ ಗಾಳಿ ತುಂಬಿರುವ ಜಾಗ, ಅಂದರೆ ಗಾಳಿಗೂಡು, ಚಿಕ್ಕದಾಗಿ ಮರಿ ಒಳಗೇ ಉಸಿರುಗಟ್ಟುತ್ತದೆ. ಟ್ರೇಯನ್ನೂ ಗಮನಿಸಿ. ಸುಮಾರು 10 ಗ್ರಾಂನ ಈ ಮೊಟ್ಟೆ ಕೋಳಿಮೊಟ್ಟೆಯ ಗುಣಿಯಲ್ಲಿ ಸಡಿಲವಾಗಿ ಕುಳಿತು ಬುಡಮೇಲಾಗುತ್ತದೆ. ಚೂಪು ತುದಿ ಕೆಳಗಿರುವಂತೆ ನಿಲ್ಲುವ ಚಿಕ್ಕ ಟ್ರೇಯನ್ನೇ ಬಳಸಿ.

ಏಳು ಮೊಟ್ಟೆಗಳಲ್ಲಿ ಬರೀ ಲೋಳೆ ಸಿಕ್ಕಿದ್ದಕ್ಕೆ ನಿಮ್ಮ ಯಂತ್ರ ಬಹುಶಃ ಹೊಣೆಯಲ್ಲ. ಅವು ಗೊಡ್ಡು ಮೊಟ್ಟೆಗಳು, ಅಥವಾ ಇಟ್ಟು ಹಳೆಯದಾದವು. ಎರಡು ಮೂರು ಹೆಣ್ಣಿಗೆ ಒಂದು ಗಂಡು ಇರುವ ಗುಂಪಿನಿಂದ, ಒಂದು ವಾರದೊಳಗಿನ, ಫ್ರಿಜ್ಜಿನಲ್ಲಿಡದ, ತೊಳೆಯದ ಮೊಟ್ಟೆಗಳನ್ನೇ ಕೇಳಿ ತನ್ನಿ. ಬಸ್ಸಿನಲ್ಲಿ ತಂದಿದ್ದರೆ ಅರ್ಧ ದಿನ ನಿಲ್ಲಿಸಿಟ್ಟು ಆಮೇಲೆ ಕಾವಿಗೆ ಇಡಿ. ರಕ್ತದ ಉಂಗುರದ ಎರಡು ಮೊದಲ ದಿನಗಳಲ್ಲೇ ಸತ್ತವು; ಅಷ್ಟು ನಷ್ಟ ಅನುಭವಿಗಳಿಗೂ ಆಗುತ್ತದೆ.

ಬದುಕಿದ ಆರು ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ತುಂಬಿಡಿ. ಹೆಬ್ಬೆರಳಿನಷ್ಟಿರುವ ಆ ಮರಿಗಳು ಅರ್ಧ ಅಂಗುಲ ನೀರಿನಲ್ಲೂ ಮುಳುಗಿ ಸಾಯುತ್ತವೆ.

ಪ್ರಶ್ನೆ: ನಮ್ಮ ರಾಗಿ ಹೊಲದಲ್ಲಿ ಗೌಜಲಕ್ಕಿಯ ಗೂಡು ಸಿಕ್ಕಿದೆ. ಆ ಮೊಟ್ಟೆಗಳನ್ನು ಯಂತ್ರದಲ್ಲಿ ಇಡಬಹುದೇ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ದಯವಿಟ್ಟು ಮುಟ್ಟಬೇಡಿ. ಹೊಲದ ಗೌಜಲಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದರ ಮೊಟ್ಟೆ ತೆಗೆಯುವುದೂ ಅಪರಾಧ. ಸಾಕಣೆಯಲ್ಲಿರುವುದು ಬೇರೆಯೇ ಹಕ್ಕಿ. ಆ ಜಪಾನಿ ತಳಿ ಕಾವು ಕೂರುವ ಗುಣವನ್ನು ಬಹುಮಟ್ಟಿಗೆ ಕಳೆದುಕೊಂಡಿರುವುದರಿಂದ ಅದಕ್ಕೆ ಯಂತ್ರವೋ ಕಾವು ಕೂತ ಚಿಕ್ಕ ನಾಟಿ ಹೇಂಟೆಯೋ ಬೇಕು. ಹೊಲದ ಹಕ್ಕಿಗೆ ಎರಡೂ ಬೇಡ. ಗೂಡಿನ ಸುತ್ತಲಿನ ಎರಡು ಸಾಲನ್ನು ಕಳೆ ತೆಗೆಯದೆ ಹಾಗೆಯೇ ಬಿಡಿ, ತಾಯಿ ತಾನೇ ಮರಿ ಮಾಡಿಕೊಂಡು ಹೋಗುತ್ತದೆ.