ಪಲ್ಸರ್ 150ರ ಇಗ್ನಿಷನ್ ಕಾಯಿಲ್ ಮನೆಯಲ್ಲೇ ಬಿಚ್ಚಿ ಹಾಕಬಹುದಾ?

ಧಾರಾಳವಾಗಿ ಬಿಚ್ಚಬಹುದು. ಆದರೆ ಹೊಸ ಕಾಯಿಲ್‌ಗೆ (ಪ್ಲಗ್‌ನಲ್ಲಿ ಕಿಡಿ ಬರಲು ಬೇಕಾದ ಹೈ ವೋಲ್ಟೇಜ್ ಕೊಡುವ ಭಾಗ) ದುಡ್ಡು ಕೊಡುವ ಮೊದಲೇ ಬಿಚ್ಚಿ ನೋಡಿ.

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಹಳೆಯ ಕಾರ್ಬ್ಯುರೇಟರ್ ಪಲ್ಸರ್ 150. ಸಂಡೂರಿನಿಂದ ತೋರಣಗಲ್ಲಿಗೆ ದಿನಾ ಡ್ಯೂಟಿಗೆ ಓಡಾಟ. ಇಂಜಿನ್ ಬಿಸಿಯಾದ ಮೇಲೆ ಮಿಸ್ಸಿಂಗ್ (ತಡವರಿಸಿ ಓಡುವುದು), ವಾಟರ್ ಸರ್ವಿಸ್ ಮಾಡಿಸಿದ ಮರುದಿನ ಇನ್ನೂ ಜಾಸ್ತಿ. ಮೆಕ್ಯಾನಿಕ್ ಎರಡೂ ಕಾಯಿಲ್ ಬದಲಿಸಿ ಅಂದಿದ್ದಾರೆ, ನೀವೇ ಬದಲಿಸಬಹುದಾ ಅಂತ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ಬೈಕ್ ರಿಪೇರಿ ಮಾಡುವವನು. ಆ ರಸ್ತೆಯ ಗಾಡಿಗಳು ನನ್ನ ಬಳಿ ಬರುತ್ತಲೇ ಇರುತ್ತವೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ ಹಾಕೋಣ. 2003ರಲ್ಲಿ ಬಂದ ಡಿಟಿಎಸ್-ಐ ಇಂಜಿನ್‌ನಲ್ಲಿ ಒಂದೇ ಸಿಲಿಂಡರ್‌ಗೆ ಎರಡು ಪ್ಲಗ್, ಪ್ರತಿ ಪ್ಲಗ್‌ಗೂ ಒಂದೊಂದು ಕಾಯಿಲ್. ಒಂದು ಕಡೆ ಕಿಡಿ ನಿಂತರೂ ಗಾಡಿ ಓಡುತ್ತದೆ, ಪಿಕಪ್ ಸತ್ತಿರುತ್ತದೆ ಅಷ್ಟೇ. ಎರಡೂ ಕಾಯಿಲ್ ಸತ್ತಿದ್ದರೆ ಗಾಡಿ ಸ್ಟಾರ್ಟೇ ಆಗಬಾರದು. ನಿಮ್ಮದು ಬೆಳಿಗ್ಗೆ ಸ್ಟಾರ್ಟ್ ಆಗಿ ಚೆನ್ನಾಗಿ ಓಡುತ್ತಿದೆ. ಬಿಸಿಯಾದಾಗ ಎರಡೂ ಒಟ್ಟಿಗೆ ಕೈಕೊಡುವುದು, ಆರಿದ ಮೇಲೆ ಎರಡೂ ಒಟ್ಟಿಗೆ ಸರಿಯಾಗುವುದು ತೀರಾ ಅಪರೂಪ. ಹಾಗೆ ಆಗುತ್ತಿದ್ದರೆ ಎರಡಕ್ಕೂ ಸೇರಿದ ಯಾವುದೋ ಒಂದನ್ನು ಹುಡುಕಬೇಕು: ಅರ್ಥಿಂಗ್, ಕನೆಕ್ಟರ್, ಕೀ ಸ್ವಿಚ್‌ನ ವೈರ್, ಸಿಡಿಐ (ಕಿಡಿ ಯಾವಾಗ ಬರಬೇಕು ಅಂತ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಅಥವಾ ಪೆಟ್ರೋಲ್.

ಪೆಟ್ರೋಲ್ ಅಂದದ್ದಕ್ಕೆ ಕಾರಣ ಇದೆ. ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಸಣ್ಣ ತೂತು ಇರುತ್ತದೆ. ನಮ್ಮ ಕಡೆ ಧೂಳಿಗೆ ಅದು ಕಟ್ಟಿಕೊಳ್ಳುತ್ತದೆ. ಆಗ ಒಂದಷ್ಟು ದೂರ ಓಡಿದ ಮೇಲೆ ಪೆಟ್ರೋಲ್ ಇಳಿಯುವುದು ಕಡಿಮೆಯಾಗಿ ಗಾಡಿ ಥೇಟ್ ಕಾಯಿಲ್ ಹೋದ ಹಾಗೇ ಮಿಸ್ ಹೊಡೆಯುತ್ತದೆ. ಮುಂದಿನ ಸಲ ಮಿಸ್ಸಿಂಗ್ ಶುರುವಾದಾಗ ಗಾಡಿ ಪಕ್ಕಕ್ಕೆ ಹಾಕಿ ಟ್ಯಾಂಕ್ ಮುಚ್ಚಳ ತೆಗೆಯಿರಿ. ಬುಸ್ ಅಂತ ಗಾಳಿ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಸಿಕ್ಕಿತು ಕಾರಣ. ಮುಚ್ಚಳದ ತೂತು ಸ್ವಚ್ಛ ಮಾಡಿ, ಕಾಯಿಲ್ ಮುಟ್ಟಬೇಡಿ.

ಅದಲ್ಲ ಅಂತಾದರೆ ಬಿಚ್ಚಲು ಕೂತುಕೊಳ್ಳಿ. ಇಂಜಿನ್ ಪೂರ್ತಿ ತಣ್ಣಗಿರಲಿ. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಬಿಸಿಲಲ್ಲಿ ನಿಂತ ಗಾಡಿಯ ಲೋಹ ಮುಟ್ಟಲಾಗದು, ಪೆಟ್ರೋಲ್ ಕೂಡ ಬೇಗ ಆವಿಯಾಗುತ್ತದೆ. ಹಾಗಾಗಿ ಬೆಳಿಗ್ಗೆ, ನೆರಳಲ್ಲಿ, ಗಾಳಿಯಾಡುವ ಜಾಗದಲ್ಲಿ ಮಾಡಿ. ಹತ್ತಿರ ಬೀಡಿ, ಸಿಗರೇಟು, ಒಲೆ ಯಾವುದೂ ಇರಬಾರದು. ಕೀ ಆಫ್ ಮಾಡಿ ತೆಗೆದಿಡಿ.

ಸೀಟು, ಸೈಡ್ ಕವರ್ ತೆಗೆದ ಮೇಲೆ ಟ್ಯಾಂಕ್ ಹಿಂದಿನ ಬೋಲ್ಟ್ ಕಾಣುತ್ತದೆ. ಪೆಟ್ರೋಲ್ ಕಾಕ್ ಆಫ್ ಮಾಡಿ, ಪೆಟ್ರೋಲ್ ಪೈಪ್ ಎಳೆಯಿರಿ, ಮೀಟರ್‌ಗೆ ಹೋಗುವ ಟ್ಯಾಂಕ್ ವೈರಿನ ಸಾಕೆಟ್ ಬಿಡಿಸಿ. ಆಮೇಲೆ ಟ್ಯಾಂಕ್ ಹಿಂದೆ ಎತ್ತಿ ನಿಮ್ಮ ಕಡೆ ಎಳೆದರೆ ಮುಂದಿನ ರಬ್ಬರ್‌ಗಳಿಂದ ಜಾರಿ ಬರುತ್ತದೆ. ಅರ್ಧಕ್ಕಿಂತ ಕಡಿಮೆ ಪೆಟ್ರೋಲ್ ಇದ್ದರೆ ಎತ್ತಲು ಸುಲಭ. ಇದನ್ನು ಓದುವವರಲ್ಲಿ ಯಾರಾದರೂ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿ ಇಟ್ಟುಕೊಂಡಿದ್ದರೆ ಒಂದು ಮಾತು. 2020ರ ಏಪ್ರಿಲ್ ನಂತರದ ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲ್ ಪೈಪ್ ಒಳಗೆ ಒತ್ತಡ ನಿಂತಿರುತ್ತದೆ. ಅದನ್ನು ಹೀಗೆ ಸುಮ್ನೆ ಎಳೆಯಬೇಡಿ, ಮುಖಕ್ಕೆ ಚಿಮ್ಮುತ್ತದೆ.

ಏನನ್ನೂ ಬಿಡಿಸುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಎರಡು ಕಡೆಯ ವೈರ್‌ಗಳಿಗೂ ಟೇಪ್ ಸುತ್ತಿ ಎಡ, ಬಲ ಅಂತ ಬರೆಯಿರಿ. ಸಿಡಿಐನಿಂದ ಎರಡು ಕಾಯಿಲ್‌ಗೂ ಬೇರೆ ಬೇರೆ ವೈರ್ ಬರುತ್ತದೆ. ಅದಲುಬದಲಾಗಬಾರದು.

ಈಗ ಪ್ಲಗ್ ಕ್ಯಾಪ್. ಕ್ಯಾಪ್ ಹಿಡಿದು ಸ್ವಲ್ಪ ತಿರುಗಿಸಿ ಎಳೆಯಬೇಕು. ವೈರ್ ಹಿಡಿದು ಎಳೆದರೆ ಒಳಗಿನ ತಾಮ್ರದ ಎಳೆ ಕ್ಯಾಪ್‌ನ ಸ್ಕ್ರೂನಿಂದ ಬಿಟ್ಟುಕೊಳ್ಳುತ್ತದೆ. ಮೇಲೆ ನೋಡಿದರೆ ಎಲ್ಲ ಸರಿ ಕಾಣುತ್ತದೆ, ಒಳಗೆ ಕಿಡಿ ಅಲ್ಲೇ ಹಾರಿ ಹಾರಿ ಕ್ಯಾಪ್ ಸುಟ್ಟಿರುತ್ತದೆ. ಪ್ಲಗ್ ಬಿಚ್ಚುವ ಮೊದಲು ಸೈಕಲ್ ಪಂಪ್‌ನಿಂದ ಅದರ ಸುತ್ತ ಗಾಳಿ ಹೊಡೆಯಿರಿ. ನಿಮ್ಮ ರಸ್ತೆಯ ಅದಿರು ಧೂಳು ಪ್ಲಗ್ ಬುಡದಲ್ಲಿ ಕೂತಿರುತ್ತದೆ, ಪ್ಲಗ್ ತೆಗೆದ ತಕ್ಷಣ ಸಿಲಿಂಡರ್ ಒಳಗೆ ಬೀಳುತ್ತದೆ. ಪಿಸ್ಟನ್, ಬೋರ್ ಎರಡಕ್ಕೂ ಅದು ಕೆಟ್ಟದ್ದು. ಇದೊಂದನ್ನು ದಯವಿಟ್ಟು ಬಿಡಬೇಡಿ.

ಕಾಯಿಲ್‌ಗಳು ಟ್ಯಾಂಕ್ ಕೆಳಗೆ ಫ್ರೇಮ್‌ಗೆ ಕೂತಿರುತ್ತವೆ. ದಪ್ಪ ಕಪ್ಪು ವೈರ್ ಹಿಡಿದುಕೊಂಡು ಮೇಲೆ ಹೋದರೆ ಅಲ್ಲೇ ಸಿಗುತ್ತವೆ. ಮೊದಲು ಸಣ್ಣ ವೈರ್‌ನ ಕನೆಕ್ಟರ್ ಬಿಡಿಸಿ, ಆಮೇಲೆ ಬೋಲ್ಟ್. ಬೋಲ್ಟ್ ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ. ಜೋರು ಮಾಡಿದರೆ ತಲೆ ಮುರಿದು ಬೋಲ್ಟ್ ಒಳಗೇ ಉಳಿಯುತ್ತದೆ. ವಾಷರ್ ಯಾವ ಕಡೆ ಇತ್ತು ಅನ್ನೋದನ್ನೂ ನೋಡಿಕೊಳ್ಳಿ.

ಕನೆಕ್ಟರ್ ಬಿಡಿಸಿದಾಗ ಒಳಗೆ ಟಾರ್ಚ್ ಹಾಕಿ. ಸಂಡೂರು ಕಡೆಯ ಗಾಡಿಗಳಲ್ಲಿ ಕುಂಕುಮದಷ್ಟು ನುಣ್ಣಗಿನ ಕೆಂಪು ಪುಡಿ ಕೂತಿರುತ್ತದೆ. ಅದರ ಕೆಳಗೆ ಹಿತ್ತಾಳೆ ಟರ್ಮಿನಲ್ ಮೇಲೆ ಹಸಿರು ಕಿಲುಬು. ವಾಟರ್ ಸರ್ವಿಸ್‌ನವರು ಜೋರು ನೀರು ಬಿಟ್ಟಾಗ ಈ ಪುಡಿ ನೀರು ಕುಡಿದು ಅಲ್ಲೇ ಕೆಸರಾಗುತ್ತದೆ, ಒಣಗಿದ ಮೇಲೆ ಗಟ್ಟಿ ಪದರವಾಗುತ್ತದೆ. ಬಿಸಿಗೆ ಟರ್ಮಿನಲ್ ಸ್ವಲ್ಪ ಹಿಗ್ಗಿ ಸಡಿಲವಾದರೆ ಸಾಕು, ಸಂಪರ್ಕ ತಪ್ಪುತ್ತದೆ. ನಿಮ್ಮ ಗಾಡಿಯ ಲಕ್ಷಣ ಕೇಳಿದರೆ ನನಗೆ ಮೊದಲ ಅನುಮಾನ ಇದರ ಮೇಲೇ.

ಈಗ ಮೀಟರ್ ಹಿಡಿಯಿರಿ. ಸಾಧಾರಣ ಮಲ್ಟಿಮೀಟರ್ ಸಾಕು. ಕಾಯಿಲ್ ಒಳಗೆ ಎರಡು ಸುತ್ತು ಇರುತ್ತವೆ. ದಪ್ಪ ತಂತಿಯ ಪ್ರೈಮರಿ, ಕೂದಲಿನಷ್ಟು ತೆಳ್ಳಗಿನ ತಂತಿಯ ಸಾವಿರಾರು ಸುತ್ತಿನ ಸೆಕೆಂಡರಿ. ಸಿಡಿಐ ಗಾಡಿಗಳಲ್ಲಿ ಪ್ರೈಮರಿ ಅಳತೆ ತುಂಬಾ ಸಣ್ಣದು, ಒಂದು ಓಮ್‌ಗಿಂತ ಕಡಿಮೆಯೂ ಇರಬಹುದು. ಹಾಗಾಗಿ ಮೊದಲು ಮೀಟರ್‌ನ ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತದೆ ನೋಡಿ, ಅದು ಮೀಟರ್ ವೈರಿನ ಸ್ವಂತ ಓಮ್, ಕಾಯಿಲ್ ಅಳೆದ ಮೇಲೆ ಅಷ್ಟನ್ನು ಕಳೆಯಬೇಕು. ಸೆಕೆಂಡರಿ ಸಾವಿರಗಳಲ್ಲಿ ಬರುತ್ತದೆ. ಕ್ಯಾಪ್ ಸಮೇತ ಅಳೆದರೆ ಕ್ಯಾಪ್ ಒಳಗಿನ ರೆಸಿಸ್ಟರ್ ಸೇರಿ ಸುಮಾರು 5,000 ಓಮ್ ಜಾಸ್ತಿ ತೋರಿಸಬಹುದು. ಕ್ಯಾಪ್ ಸಮೇತ ಏನೂ ಬರುತ್ತಿಲ್ಲ ಅಂದರೆ ಕಾಯಿಲ್ ಹೋಯಿತು ಅನ್ನಬೇಡಿ. ಕ್ಯಾಪ್ ಎಡಕ್ಕೆ ತಿರುಗಿಸಿ ಬಿಚ್ಚಿ, ಬರೀ ವೈರ್ ತುದಿಯಲ್ಲಿ ಮತ್ತೆ ಅಳೆಯಿರಿ. ಬಹಳ ಸಲ ಕಾಯಿಲ್ ಗಟ್ಟಿಮುಟ್ಟಾಗಿರುತ್ತದೆ, ಕ್ಯಾಪ್ ಸತ್ತಿರುತ್ತದೆ. ಎರಡರ ಬೆಲೆಗೂ ಅಜಗಜಾಂತರ.

ಸಿಂಗಲ್ ಪ್ಲಗ್ ಗಾಡಿಯವರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ಸರಿಯಾದ ಅಳತೆ ಎಷ್ಟಿರಬೇಕು ಅಂತ ಪುಸ್ತಕ ಹುಡುಕಬೇಕಿಲ್ಲ, ಎಡ ಬಲ ಎರಡನ್ನೂ ಅಳೆದು ಹೋಲಿಸಿ. ಹೆಚ್ಚುಕಡಿಮೆ ಒಂದೇ ಬಂದರೆ ಸುತ್ತು ಕಡಿದಿಲ್ಲ. ಒಂದರಲ್ಲಿ ತುಂಬಾ ವ್ಯತ್ಯಾಸ ಇದ್ದರೆ ಅದರ ಮೇಲೆ ಅನುಮಾನ ಇಡಿ. ಬಿಸಿಯಾದಾಗಲೂ ಒಮ್ಮೆ ಅಳೆಯಿರಿ. ಬಿಸಿಗೆ ಓಮ್ ಸ್ವಲ್ಪ ಏರುವುದು ಸಹಜ, ಪೂರ್ತಿ ಕಡಿದಂತೆ ತೋರಿಸಿದರೆ ಒಳಗೆ ತಂತಿ ಬಿರುಕು ಬಿಟ್ಟಿದೆ.

ಆದರೆ ಮೀಟರ್ ಎಲ್ಲವನ್ನೂ ಹೇಳುವುದಿಲ್ಲ. ಅದು ಅಳೆಯುವುದು ಸಣ್ಣ ಬ್ಯಾಟರಿಯ ಕರೆಂಟಿನಲ್ಲಿ. ಕಾಯಿಲ್ ಕೆಲಸ ಮಾಡುವುದು 10,000 ವೋಲ್ಟ್‌ಗಿಂತ ಜಾಸ್ತಿಯಲ್ಲಿ. ಇನ್ಸುಲೇಷನ್ ಸೀಳಿದ್ದರೆ ಮೀಟರ್‌ನಲ್ಲಿ ಸರಿ ಬಂದು ಓಡುವಾಗ ಸೋರುತ್ತದೆ. ಅದಕ್ಕೆ ಒಳ್ಳೆಯ ಪರೀಕ್ಷೆ ಅಂದರೆ ಕಾಯಿಲ್‌ಗಳನ್ನು ಅದಲುಬದಲು ಮಾಡುವುದು. ವೈರ್ ಉದ್ದ ಸಾಲುವುದಾದರೆ ಎಡದ ಕಾಯಿಲ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ, ಸಿಡಿಐ ವೈರ್‌ಗಳು ಮಾತ್ರ ತಂತಮ್ಮ ಕಡೆಯಲ್ಲೇ ಇರಲಿ. ತೊಂದರೆ ಕಾಯಿಲ್ ಜೊತೆ ಆ ಕಡೆಗೆ ಹೋದರೆ ಕಾಯಿಲ್ ಬದಲಿಸಿ, ಅದೂ ಒಂದನ್ನೇ. ಇದ್ದಲ್ಲೇ ಇದ್ದರೆ ಪ್ಲಗ್, ವೈರಿಂಗ್ ಅಥವಾ ಸಿಡಿಐ ಕಡೆ ನೋಡಿ.

ಯಾವ ಕಡೆ ಕಿಡಿ ಸತ್ತಿದೆ ಅಂತ ತಿಳಿಯಲು ಹಲವರು ಓಡುವ ಇಂಜಿನ್‌ನ ಕ್ಯಾಪ್ ಕೈಯಿಂದ ಕಿತ್ತು ನೋಡುತ್ತಾರೆ. ಅದು ಬೇಡ. ಶಾಕ್ ಹೊಡೆಯುತ್ತದೆ. ಜೊತೆಗೆ ಕಿಡಿಗೆ ಹೋಗಲು ದಾರಿ ಇಲ್ಲದೆ ವೋಲ್ಟೇಜ್ ಒಳಗೇ ಏರಿ, ಚೆನ್ನಾಗಿರುವ ಕಾಯಿಲ್‌ನ ಇನ್ಸುಲೇಷನ್ ಕೂಡ ಸೀಳಬಹುದು. ಇಂಜಿನ್ ಆಫ್ ಇದ್ದಾಗ ಒಂದು ಕಡೆಯ ಕ್ಯಾಪ್ ತೆಗೆದು, ಅದಕ್ಕೆ ಬೇರೆ ಪ್ಲಗ್ ಸಿಕ್ಕಿಸಿ, ಆ ಪ್ಲಗ್‌ನ ಲೋಹದ ಭಾಗವನ್ನು ತಂತಿಯಿಂದ ಸಿಲಿಂಡರ್ ಹೆಡ್‌ಗೆ ಗಟ್ಟಿಯಾಗಿ ಕಟ್ಟಿ. ಇಂಜಿನ್‌ನ ಪ್ಲಗ್ ಬಿಚ್ಚಬೇಡಿ, ಅದು ತನ್ನ ಜಾಗದಲ್ಲೇ ಇರಲಿ. ಟ್ಯಾಂಕ್ ವಾಪಸ್ ಕೂತಿರಬೇಕು, ಎಲ್ಲೂ ಪೆಟ್ರೋಲ್ ಸೋರುತ್ತಿರಬಾರದು. ಈಗ ಸ್ಟಾರ್ಟ್ ಮಾಡಿ. ಇನ್ನೊಂದು ಕಡೆಯ ಪ್ಲಗ್ ಮೇಲೆಯೇ ಇಂಜಿನ್ ಓಡಿದರೆ ಆ ಇನ್ನೊಂದು ಕಡೆ ಸರಿ. ಹೀಗೇ ಎರಡೂ ಕಡೆ ನೋಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರವೂ ಬರಬಾರದು.

ವಾಪಸ್ ಕೂರಿಸುವ ಕೆಲಸಕ್ಕೆ ಬರೋಣ. ಬಿಚ್ಚುವುದಕ್ಕಿಂತ ಇದರಲ್ಲೇ ಜಾಸ್ತಿ ಗಮನ ಬೇಕು. ಹೊಸ ಕಾಯಿಲ್ ಹಾಕಿದ ಮೇಲೆ ಗಾಡಿ ಸರಿಯಾಯಿತು ಅನ್ನುವ ಅನೇಕರ ಗಾಡಿ ಸರಿಯಾದದ್ದು ಬೋಲ್ಟ್ ಬಿಚ್ಚಿ ಬಿಗಿ ಮಾಡಿದ್ದರಿಂದ, ಕನೆಕ್ಟರ್ ತೆಗೆದು ಹಾಕಿದ್ದರಿಂದ.

ಅರ್ಥಿಂಗ್ ಮೊದಲು ನೋಡಿ. ಕಾಯಿಲ್‌ಗೆ ಎರಡು ಸಣ್ಣ ವೈರ್ ಬರುತ್ತಿದ್ದರೆ ಸಾಮಾನ್ಯವಾಗಿ ಒಂದು ಅರ್ಥ್. ಒಂದೇ ವೈರ್ ಇದ್ದರೆ ಅದರ ಅರ್ಥ್ ಹೋಗುವುದು ಕಬ್ಬಿಣದ ಕೋರ್ ಮೂಲಕ, ಬೋಲ್ಟ್ ಮೂಲಕ ಫ್ರೇಮ್‌ಗೆ. ಕುರುಗೋಡಿನ ಹುಡುಗನೊಬ್ಬ ಹಳೆಯ ಆರ್‌ಎಕ್ಸ್ 100 ತಂದಿದ್ದ. ಅದರ ತಯಾರಿ 1996ರಲ್ಲೇ ನಿಂತರೂ ನಮ್ಮ ಕಡೆ ಹುಡುಗರಿಗೆ ಅದರ ಮೇಲೆ ಪ್ರಾಣ. ಫ್ರೇಮ್‌ಗೆ ಚೆಂದವಾಗಿ ಪೌಡರ್ ಕೋಟಿಂಗ್ ಮಾಡಿಸಿದ್ದ, ಆಮೇಲೆ ಕಿಡಿಯೇ ಇಲ್ಲ. ಹೊಸ ಕಾಯಿಲ್, ಹೊಸ ಸಿಡಿಐ ಎಲ್ಲ ತಂದು ಹಾಕಿದ್ದ. ಕಾಯಿಲ್ ಕೂರುವ ಜಾಗದಲ್ಲಿ ಪೇಂಟ್ ದಪ್ಪಗೆ ಕೂತು ಅರ್ಥ್ ಮುಚ್ಚಿಹೋಗಿತ್ತು. ಎಮರಿ ಪೇಪರ್‌ನಿಂದ ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿ ಲೋಹ ಕಾಣಿಸಿದೆವು, ಹಳೆಯ ಕಾಯಿಲ್‌ನಲ್ಲೇ ಕಿಡಿ ಬಂತು. ಆ ಹುಡುಗನ ಮುಖ ನೋಡಿ ನನಗೆ ಖುಷಿಯೂ ಆಯಿತು, ಖರ್ಚು ಮಾಡಿದ್ದಕ್ಕೆ ಸಂಕಟವೂ ಆಯಿತು. ನಿಮ್ಮ ಗಾಡಿಯಲ್ಲೂ ಬೋಲ್ಟ್ ಕೂರುವ ಜಾಗ, ವಾಷರ್, ಕಾಯಿಲ್‌ನ ಕಿವಿ (ಬೋಲ್ಟ್ ಹೋಗುವ ತೂತಿನ ಭಾಗ) ಮೂರನ್ನೂ ಉಜ್ಜಿ. ಬಿಗಿ ಮಾಡಿದ ಮೇಲೆ ಕಾಯಿಲ್‌ನ ಕೋರ್‌ನಿಂದ ಬ್ಯಾಟರಿ ಮೈನಸ್‌ಗೆ ಮೀಟರ್ ಇಟ್ಟು ನೋಡಿ, ಸೊನ್ನೆಗೆ ಹತ್ತಿರ ಬರಬೇಕು. ಬೋಲ್ಟ್ ಸಣ್ಣದು, ಗಟ್ಟಿಯಾದ ಮೇಲೆ ಜೋರು ಹಾಕಬೇಡಿ, ಕಿವಿ ಸೀಳುತ್ತದೆ.

ಟರ್ಮಿನಲ್‌ನ ಕಿಲುಬು ತೆಗೆದು, ಹೆಣ್ಣು ಕನೆಕ್ಟರ್ ಸಡಿಲ ಇದ್ದರೆ ಪ್ಲೈಯರ್‌ನಿಂದ ಒಂದು ಚೂರು ಒತ್ತಿ. ಹಾಕುವಾಗ ಬಿಗಿ ಅನಿಸಬೇಕು. ಹಾಕಿದ ಮೇಲೆ ಮೆಲ್ಲಗೆ ಎಳೆದು ನೋಡಿ.

ಕ್ಯಾಪ್‌ಗೆ ಹೋಗುವ ವೈರಿನ ತುದಿ ಕಪ್ಪಾಗಿದ್ದರೆ, ವೈರ್ ಉದ್ದ ಸಾಲುತ್ತದೆ ಅಂತಾದರೆ, ಅರ್ಧ ಸೆಂಟಿಮೀಟರ್‌ನಷ್ಟು ನೇರವಾಗಿ ಕತ್ತರಿಸಿ. ಹೊಳೆಯುವ ತಾಮ್ರ ಕಾಣಬೇಕು. ಕ್ಯಾಪ್ ಒಳಗಿನ ಸ್ಕ್ರೂ ಆ ಎಳೆಗಳ ಸರಿ ಮಧ್ಯಕ್ಕೆ ಹೋಗಬೇಕು. ಬಲಕ್ಕೆ ತಿರುಗಿಸುತ್ತಾ ಹೋದರೆ ಕಚ್ಚಿಕೊಳ್ಳುವುದು ಕೈಗೇ ಗೊತ್ತಾಗುತ್ತದೆ. ರಬ್ಬರ್ ಒಳಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿದರೆ ನೀರು, ಧೂಳು ಎರಡೂ ಒಳಗೆ ಬರುವುದಿಲ್ಲ. ಅದು ಸಿಗದಿದ್ದರೆ ಒಣಗಿದ್ದೇ ಹಾಕಿ. ಬೇರಿಂಗ್‌ಗೆ ಹಾಕುವ ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ.

ಪ್ಲಗ್ ಯಾವಾಗಲೂ ಕೈಯಿಂದಲೇ ತಿರುಗಿಸಿ ಕೂರಿಸಿ. ಪೂರ್ತಿ ಕೂತ ಮೇಲಷ್ಟೇ ಸ್ಪ್ಯಾನರ್. ಅಲ್ಯೂಮಿನಿಯಂ ಹೆಡ್‌ನ ಮರೆ (ಥ್ರೆಡ್) ಕೆಟ್ಟರೆ ಖರ್ಚು ಕಾಯಿಲ್‌ಗಿಂತ ಎಷ್ಟೋ ಪಟ್ಟು.

ಟ್ಯಾಂಕ್ ಇಡುವಾಗ ಅದರ ಕೆಳಗೆ ಯಾವ ವೈರೂ ಸಿಕ್ಕಿಕೊಳ್ಳಬಾರದು. ದಪ್ಪ ವೈರ್ ಇಂಜಿನ್ ಫಿನ್‌ಗೆ ತಾಗಬಾರದು, ಬಿಸಿಗೆ ಕರಗುತ್ತದೆ. ಗಾಡಿ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಆಗ ಮಿಸ್ ಹೊಡೆದರೆ ಹ್ಯಾಂಡಲ್ ಹತ್ತಿರದ ವೈರಿಂಗ್ ಎಳೆಯುತ್ತಿದೆ ಅಂತ ಅರ್ಥ. ಕತ್ತಲಾದ ಮೇಲೆ ದೀಪ ಆರಿಸಿ ಇಂಜಿನ್ ಓಡಿಸಿ, ಟ್ಯಾಂಕ್ ಕೆಳಗೆ ಮತ್ತು ಕ್ಯಾಪ್ ಸುತ್ತ ಬಗ್ಗಿ ನೋಡಿ. ಎಲ್ಲಾದರೂ ತೆಳು ನೀಲಿ ಕಿಡಿ ಹರಿದಾಡುತ್ತಿದ್ದರೆ ಆ ವೈರ್ ಅಥವಾ ಆ ಕ್ಯಾಪ್ ಬದಲಿಸಬೇಕು.

ಇಷ್ಟೆಲ್ಲ ಆದ ಮೇಲೂ ಬಿಸಿಯಾದಾಗ ಎರಡೂ ಕಡೆ ಒಟ್ಟಿಗೆ ಕಿಡಿ ನಿಲ್ಲುತ್ತಿದ್ದರೆ ಮ್ಯಾಗ್ನೆಟ್ ಪಕ್ಕದ ಪಿಕಪ್ ಕಾಯಿಲ್ (ಕಿಡಿಯ ಸಮಯವನ್ನು ಸಿಡಿಐಗೆ ತಿಳಿಸುವ ಸೆನ್ಸರ್) ಅಥವಾ ಸಿಡಿಐ ಪರೀಕ್ಷೆ ಮಾಡಿಸಿ. ಅದಕ್ಕೆ ಒಳ್ಳೆಯ ಎಲೆಕ್ಟ್ರಿಷಿಯನ್ ಬಳಿಗೇ ಹೋಗಿ, ಗೊತ್ತಿರುವ ಒಳ್ಳೆ ಸಿಡಿಐ ಸಿಕ್ಕಿಸಿ ಓಡಿಸಿ ನೋಡಲು ಹೇಳಿ. ಎಡ ಬಲ ಅಳತೆ ಎಷ್ಟೆಷ್ಟು ಬಂತು, ಕನೆಕ್ಟರ್ ಒಳಗೆ ಏನಿತ್ತು ಅಂತ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.