ಎಲ್ಲರೂ ನಕ್ಕರೆ ನನ್ನನ್ನೇ ನೋಡಿ ನಕ್ಕ ಹಾಗನಿಸುತ್ತದೆ

ಪ್ರಶ್ನೆ: ನನಗೆ 27 ವರ್ಷ. ಏಳನೇ ಕ್ಲಾಸಿನವರೆಗೆ ತುಮಕೂರಿನ ಹತ್ತಿರದ ಹಳ್ಳಿಯಲ್ಲಿ ಓದಿ, ಎಂಟಕ್ಕೆ ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿದೆ. ಬಾಯಿ ಬಿಟ್ಟರೆ ಅಣಕಿಸುತ್ತಿದ್ದರು. 'ಗುಗ್ಗು' ಅಂತ ಹೆಸರಿಟ್ಟರು. ಊಟಕ್ಕೆ ಒಬ್ಬಳೇ ಕೂರುತ್ತಿದ್ದೆ. ಈಗ ವೈಟ್‌ಫೀಲ್ಡ್‌ನಲ್ಲಿ ಕೆಲಸ. ಗೆಳತಿಯರ ಜೊತೆ ಹೋದರೆ ಬಿಲ್ ಯಾವಾಗಲೂ ನಾನೇ ಕೊಡುತ್ತೇನೆ. ಪ್ರೀತಿಸುವ ಹುಡುಗ ತಡವಾಗಿ ಉತ್ತರಿಸಿದರೆ ಎದೆ ಹೊಡೆದುಕೊಳ್ಳುತ್ತದೆ. ಬೇಕಂತಲೇ ಫೋನ್ ಎತ್ತದೆ, ಎಷ್ಟು ಸಲ ಮಾಡುತ್ತಾನೆ ಅಂತ ನೋಡುತ್ತೇನೆ. ಅವನ ಗೆಳೆಯರು ನಕ್ಕರೆ ಎದ್ದು ಬರುತ್ತೇನೆ. ಈಗ ಮದುವೆ ಮಾತು ತೆಗೆದಿದ್ದಾನೆ. ಹಳೆಯದನ್ನೆಲ್ಲ ಹೇಳಬೇಕಾ? ಶಾಲೆಯವರು ವಾಟ್ಸಾಪ್ ಗ್ರೂಪಿಗೆ ಬೇರೆ ಸೇರಿಸಿದ್ದಾರೆ, ಅಲ್ಲೂ ಅದೇ ಹೆಸರು.
– ಹೆಸರು ಬೇಡ, ವಿಜಯನಗರ

ಉತ್ತರ: ಮೊದಲು ಗ್ರೂಪಿನಿಂದ ಹೊರಗೆ ಬನ್ನಿ. ಯಾಕೆ ಅಂತ ಯಾರಾದರೂ ಕೇಳಿದರೆ, 'ಆ ಹೆಸರು ನನಗಿಷ್ಟವಿಲ್ಲ' ಅಂದರೆ ಸಾಕು. 'ಚಿಕ್ಕ ವಯಸ್ಸಿನ ತಮಾಷೆ, ಬಿಟ್ಟುಬಿಡು' ಅನ್ನುವವರು ಸಾಮಾನ್ಯವಾಗಿ ತಮಾಷೆ ಮಾಡಿದವರೇ.

ಇಷ್ಟು ವರ್ಷವಾದರೂ ಮರೆತಿಲ್ಲವಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 1958ರ ಒಂದು ವಾರದಲ್ಲಿ ಹುಟ್ಟಿದ ಮಕ್ಕಳ ಬದುಕನ್ನು ದಶಕಗಳ ಕಾಲ ಗಮನಿಸಿದ್ದಾರೆ. 2014ರಲ್ಲಿ ಬಂದ ವರದಿಯ ಪ್ರಕಾರ, 7 ಮತ್ತು 11ನೇ ವಯಸ್ಸಿನಲ್ಲಿ ಕಾಟ ಅನುಭವಿಸಿದವರಲ್ಲಿ, 50 ವರ್ಷವಾದಾಗ ಸಂಗಾತಿ ಇದ್ದವರು, ಕಷ್ಟಕ್ಕೆ ಜನ ಇದ್ದವರು ಉಳಿದವರಿಗಿಂತ ಕಡಿಮೆ. ಅದು ಸಾವಿರಾರು ಜನರ ಸರಾಸರಿ, ನಿಮ್ಮ ಹಣೆಬರಹವಲ್ಲ. ನೋವು ನಿಜ ಅಂತ ತಿಳಿಯಲು ಹೇಳಿದೆ, ಅಷ್ಟೆ.

ನನಗೆ ಜಾಸ್ತಿ ಚಿಂತೆ ಇರುವುದು ಆ ಫೋನಿನ ಆಟದ ಬಗ್ಗೆ. 1990ರ ದಶಕದಲ್ಲಿ ಮನಶ್ಶಾಸ್ತ್ರಜ್ಞೆ ಜೆರಾಲ್ಡೀನ್ ಡೌನಿ ಮತ್ತು ಜೊತೆಗಾರರು ಜೋಡಿಗಳ ಮೇಲೆ ಇದನ್ನೇ ಅಧ್ಯಯನ ಮಾಡಿದರು. ಎಲ್ಲಿ ದೂರ ತಳ್ಳುತ್ತಾರೋ ಅಂತ ಮೊದಲೇ ಹೆದರುವವರಿಗೆ ಸಣ್ಣ ಮೌನವೂ ತಿರಸ್ಕಾರದ ಹಾಗೆ ಕಾಣುತ್ತದೆ. ಆಗ ಸಿಡುಕುತ್ತಾರೆ ಅಥವಾ ಮುನಿಸಿಕೊಳ್ಳುತ್ತಾರೆ. ಎದುರಿನವರು ಬೇಸತ್ತು ನಿಜವಾಗಿಯೂ ದೂರ ಸರಿಯುತ್ತಾರೆ. ಪಾಪ, ನಿಮ್ಮ ಹುಡುಗನಿಗೆ ಪರೀಕ್ಷೆ ನಡೆಯುತ್ತಿದೆ ಅಂತಲೇ ಗೊತ್ತಿಲ್ಲ. ಪ್ರಶ್ನೆಪತ್ರಿಕೆ ಕೊಡದೆ ಮಾರ್ಕ್ಸ್ ಹಾಕಿದ ಹಾಗಾಯಿತು, ಅಲ್ವಾ? ಮೆಟ್ರೋದಲ್ಲಿ ಕೂತು ನೀಲಿ ಟಿಕ್ ಕಾಯುವ ಬದಲು, 'ತಡವಾದರೆ ನನಗೆ ಗಾಬರಿಯಾಗುತ್ತೆ, ಕೆಲಸದಲ್ಲಿದ್ದರೆ ಒಂದು ಸಾಲು ಹಾಕು' ಅಂತ ಕೇಳಿ. ಗೆಳೆಯರು ನಕ್ಕಾಗ ಎದ್ದು ಬರಬೇಡಿ. 'ಏನಾಯ್ತು, ಯಾಕೆ ನಗ್ತಿದ್ದೀರ?' ಅನ್ನಿ. ಹೆಚ್ಚಿನ ಸಲ ಯಾವುದೋ ಕ್ರಿಕೆಟ್ ಮೀಮ್ ಆಗಿರುತ್ತದೆ.

ಹಳೆಯದನ್ನು ಹುಡುಗನಿಗೆ ಹೇಳಬೇಕಾ ಅಂದರೆ, ಹೇಳಿ. ಆದರೆ ಪೂರ್ತಿ ಪುರಾಣ ಬೇಡ. ಜಗಳದ ನಡುವೆಯೂ ಬೇಡ. ಒಂದು ಭಾನುವಾರ ಕಬ್ಬನ್ ಪಾರ್ಕಿನಲ್ಲಿ ನಡೆಯುತ್ತಾ, ಊಟಕ್ಕೆ ಒಬ್ಬಳೇ ಕೂರುತ್ತಿದ್ದ ಆ ಒಂದು ವಿಷಯ ಹೇಳಿ, ಸುಮ್ನೆ ಇರಿ. ಅವರು ಏನನ್ನುತ್ತಾರೆ ಅನ್ನುವುದಕ್ಕಿಂತ, ಆಮೇಲಿನ ವಾರಗಳಲ್ಲಿ ಹೇಗಿರುತ್ತಾರೆ ನೋಡಿ. ಯಾಕೆಂದರೆ ನಿಮ್ಮ ಅನುಮಾನಗಳೆಲ್ಲ ಸುಳ್ಳೇ ಆಗಿರಬೇಕಿಲ್ಲ. 'ಹಾಗೆ ಕಾಲೆಳೆಯಬೇಡ' ಅಂದಾಗ ನಿಲ್ಲಿಸುತ್ತಾರಾ? ಅಥವಾ 'ನಿನಗೆ ತಮಾಷೆನೇ ಗೊತ್ತಾಗಲ್ಲ' ಅನ್ನುತ್ತಾರಾ? ನೀವು ಹೇಳಿದ್ದನ್ನು ಗೆಳೆಯರ ಮುಂದೆ ಆಡಿಕೊಂಡರೆ, ಜಗಳದಲ್ಲಿ ಅದನ್ನೇ ಎತ್ತಿ ಚುಚ್ಚಿದರೆ, ಆಗ ತೊಂದರೆ ಇರುವುದು ನಿಮ್ಮ ಶಾಲೆಯ ದಿನಗಳಲ್ಲಲ್ಲ, ಆ ಹುಡುಗನಲ್ಲಿ. ಹಿರಿಯರು ಜಾತಕ ಹಿಡಿದು ಕೂರುವ ಮೊದಲೇ ಇದು ಗೊತ್ತಾಗಬೇಕು.

ಗೆಳತಿಯರ ವಿಷಯ ಸುಲಭ. ಮುಂದಿನ ಸಲ ಬಿಲ್ ಹಂಚಿಕೊಳ್ಳೋಣ ಅನ್ನಿ. ಯಾರೂ ಓಡಿಹೋಗುವುದಿಲ್ಲ. ಹೋದರೆ ದುಡ್ಡು ಉಳಿಯಿತು.

ನಿದ್ದೆ ಕೆಡುತ್ತಿದ್ದರೆ, ಎದೆ ಹೊಡೆದುಕೊಳ್ಳುವುದು ಕೆಲಸಕ್ಕೂ ಅಡ್ಡಿಯಾಗುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ಕೂತು ಮಾತಾಡಬೇಕು ಅನಿಸಿದರೆ ನಿಮ್ಹಾನ್ಸ್ ಇದೆ. ಅಲ್ಲಿಗೆ ಒಬ್ಬರೇ ಹೋಗಲು ಹಿಂಜರಿಕೆಯಾದರೆ, ಬಿಲ್ ಹಂಚಿಕೊಂಡ ಗೆಳತಿಯರಲ್ಲಿ ಒಬ್ಬರನ್ನು ಕರೆಯಿರಿ.